ಕಿವಿ ಮುಟ್ಟಿದ ಕೈ

ಜೂನ್ ಒಂದನೇ ತಾರೀಖು ಬಂತೆಂದರೆ ಬೆಳಗಿನಿಂದಲೇ ನನ್ನ ಮೊಬೈಲಿಗೆ ಹುಟ್ಟುಹಬ್ಬದ ಶುಭಾಶಯಗಳು ಬೀಳತೊಡಗುತ್ತವೆ. ಬ್ಯಾಂಕಿನವರು ಹಾರೈಸುತ್ತಾರೆ, ವಿಮೆಯವರು ಹಾರೈಸುತ್ತಾರೆ, ಒಮ್ಮೆ ಚಪ್ಪಲಿ ಕೊಂಡ ಅಂಗಡಿಯವರು ಕೂಡ ನೂರು ವರ್ಷ ಬಾಳಿ ಎನ್ನುತ್ತಾರೆ. ನಾನು ಹುಟ್ಟಿದ್ದು ಹೊಲದಲ್ಲಿ ಎಳೆ ಜೋಳದ ತೆನೆ, ಸೀತನಿ, ಸುಡುವ ಚಳಿಗಾಲದಲ್ಲಿ ಎಂದು ಅವರಿಗೆ ಹೇಳುವವರು ಯಾರು? ನನ್ನ ಹೆಂಡತಿಯೂ ಜೂನ್ ಒಂದರಂದೇ ಹುಟ್ಟಿದವಳು, ಬೀಗರೂ ಅಂದೇ ಹುಟ್ಟಿದವರು, ಓಣಿಯ ಮುಕ್ಕಾಲು ಪಾಲು ಮುದುಕರು ಅಂದೇ ಹುಟ್ಟಿದವರು. ಕಾಗದಪತ್ರ ನೋಡಿದರೆ ಇಳಕಲ್ಲಿನ ಸೂಲಗಿತ್ತಿಯರಿಗೆ ವರ್ಷದಲ್ಲಿ ಆ ಒಂದು ದಿನ ಮಾತ್ರ ಕೆಲಸ, ಉಳಿದ ದಿನ ಎಲೆ ಅಡಿಕೆ ಹಾಕಿಕೊಂಡು ಕೂತಿರಬೇಕು. ನಿಮ್ಮ ಮನೆಯ ಹಿರಿಯರ ಸರ್ಟಿಫಿಕೇಟನ್ನೊಮ್ಮೆ ತೆಗೆದು ನೋಡಿ, ನಾನು ಸುಳ್ಳು ಹೇಳುತ್ತಿದ್ದರೆ ಕೇಳಿ.

ಈ ತಮಾಷೆಯನ್ನು ನಾನು ವರ್ಷವರ್ಷವೂ ಮಾಡುತ್ತ ಬಂದವನು. ಈ ವರ್ಷ ಮಾಡಲಾಗಲಿಲ್ಲ. ಮೇ ಮೂವತ್ತೊಂದಕ್ಕೆ ನನ್ನ ತಂಗಿ ಲೀಲಾ ಶಿರೂರಿನ ಸಾಲೆಯಿಂದ ನಿವೃತ್ತಳಾದಳು. ಸರಕಾರದ ಲೆಕ್ಕದಲ್ಲಿ ಅವಳಿಗೆ ಅರವತ್ತು ತುಂಬಿತು. ಖರೇ ಹೇಳಬೇಕೆಂದರೆ ಐವತ್ತೆಂಟು. ಸನ್ಮಾನಕ್ಕೆ ಹೋದವನಿಗೆ ಅವಳು ನಿವೃತ್ತಿಯ ಆದೇಶ ತೋರಿಸಿದಳು. ಅದರಲ್ಲಿ ಟೈಪಾಗಿದ್ದ ಜನ್ಮದಿನಾಂಕ ನೋಡಿದ್ದೇ ಅದನ್ನು ಮಡಚಿ ಅವಳ ಕೈಗೆ ಕೊಟ್ಟೆ. ಆ ದಿನಾಂಕ ನನಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ಬರೆಸಿದವನು ನಾನೇ. ಅದು ಎರಡನೇ ಸಲ ಅವಳ ದಾರಿಗೆ ಅಡ್ಡ ಬರುತ್ತದೆಂದು ಮಾತ್ರ ನಾನು ಎಣಿಸಿರಲಿಲ್ಲ.

ಮೊದಲನೇ ಸಲ ಬಂದದ್ದನ್ನು ಹೇಳಬೇಕಾದರೆ ನಮ್ಮ ಅಪ್ಪನ ಮಗ್ಗದ ಕುಣಿಗೆ ಇಳಿಯಬೇಕು. ನೆಲದಲ್ಲಿ ತೋಡಿದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂಡುತ್ತಿದ್ದ. ಎಂಟನೇ ವಯಸ್ಸಿಗೆ ಇಳಿಬಿಟ್ಟ ಕಾಲು. ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಒಂದಕ್ಕೊಂದು ಸಿಕ್ಕಿಸಿದರೇ ಸೀರೆಗೆ ಸೆರಗು ಬರುವುದು. ಆ ಕೊಂಡಿ ಹಾಕುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಲೀಲಾ ಐದಾರು ವರ್ಷಕ್ಕೇ ಅವ್ವನ ಪಕ್ಕ ಕೂತು ಹಾಕುತ್ತಿದ್ದಳು. ಅವಳ ಕೈ ಉದ್ದ. ವಯಸ್ಸಿಗೂ ಕೈಗೂ ಸಂಬಂಧವೇ ಇಲ್ಲದಷ್ಟು ಉದ್ದ. ಆಯಿ, ಅಂದರೆ ಅಪ್ಪನ ತಾಯಿ, "ಈ ಹುಡುಗಿಗೆ ದೇವರು ಕೈ ಮೊದಲ ಮಾಡಿ ಆಮ್ಯಾಲೆ ಉಳಿದದ್ದು ಜೋಡಿಸ್ಯಾನ" ಎನ್ನುತ್ತಿದ್ದಳು.

ಆ ಕೈಗಳು ನೀರಿಗೆ ಬಿದ್ದದ್ದು ನನ್ನಿಂದ. ಊರಾಚೆಯ ತೋಟದ ಬಾವಿಗೆ ನಾವು ಹುಡುಗರು ಈಸಲು ಹೋಗುತ್ತಿದ್ದೆವು. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಎರಡು ಬ್ಯಾಸಗಿ ನೀರು ಕುಡಿದರೂ ನನಗೆ ಈಸು ಬರಲಿಲ್ಲ. ನನ್ನ ಡಬ್ಬಿ ಕಾಯಲು ಬಂದ ಲೀಲಾ ಒಂದು ದಿನ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಹಾಗೇ ಜಿಗಿದಳು. ನಾನು ಹೋದಳೆಂದು ಬಾಯಿ ಬಡಿದುಕೊಂಡೆ. ಅವಳು ಆಚೆ ದಂಡೆಯಲ್ಲಿ ಎದ್ದು ನಗುತ್ತಿದ್ದಳು. ಅಂದಿನಿಂದ ನಾನು ದಂಡೆಯಲ್ಲಿ ಅವಳ ಪರಕಾರ, ಅಂದರೆ ಲಂಗ, ಕಾಯುವವನಾದೆ. ಗಂಡಸಿನ ಅಭಿಮಾನಕ್ಕೆ ಇದೇನು ಒಳ್ಳೆಯದಲ್ಲ, ಆದರೆ ಬಾವಿಯ ನೀರು ಕುಡಿಯುವುದಕ್ಕಿಂತ ವಾಸಿ.

ಎಪ್ಪತ್ತಾರೋ ಎಪ್ಪತ್ತೇಳೋ ಇರಬೇಕು, ಸ್ವೀಡನ್ ದೇಶದ ಒಬ್ಬ ಹೆಣ್ಣುಮಗಳು ನಮ್ಮ ಓಣಿಗೆ ಬಂದಳು. ಹೆಸರು ಇಂಗ್ರಿಡ್, ಓಣಿಯವರೆಲ್ಲ ಇಂಗ್ರಿಡ್ ಬಾಯಿ ಎಂದರು. ಅವಳ ಊರಿನಲ್ಲಿ ನೇಕಾರಿಕೆ ಕಲಿಸುವ ಸಾಲೆಯಿದೆಯಂತೆ, ಅಲ್ಲಿ ಅವಳು ಮಾಸ್ತರತಿಯಂತೆ, ನಮ್ಮ ಸೆರಗಿನ ಕೊಂಡಿ ನೋಡಲು ಅಷ್ಟು ದೂರದಿಂದ ಬಂದಳಂತೆ. ನಮಗೆ ಇದೇ ಮೊದಲ ಆಶ್ಚರ್ಯ. ಕೊಂಡಿ ಹಾಕುವುದನ್ನು ನೋಡಲು ಪಕ್ಕದ ಓಣಿಯವರೂ ಬಂದವರಲ್ಲ. ಅವಳ ಜೊತೆ ಬಾದಾಮಿಯಿಂದ ಗೈಡ್ ಬಾಬಾಸಾಬ ಬಂದಿದ್ದ. ಅವಳ ಇಂಗ್ಲೀಷನ್ನು ಆತ ಕನ್ನಡ ಮಾಡುವಾಗ ಅಭ್ಯಾಸಬಲದಿಂದ ನಡುನಡುವೆ ಚಾಲುಕ್ಯರನ್ನೂ ತರುತ್ತಿದ್ದ.

ಹೋಗುವ ಮುಂಚೆ ಬಾಯಿ ಅಪ್ಪನನ್ನೂ ನಮ್ಮಿಬ್ಬರನ್ನೂ ಬಾದಾಮಿಗೆ ಕರೆಸಿದಳು. ಅಗಸ್ತ್ಯ ಹೊಂಡದ ಮೆಟ್ಟಿಲ ಮೇಲೆ ಕೂತು ಅಪ್ಪ ಹಲಗೆಗೆ ಎಳೆ ಕಟ್ಟಿ ಕೊಂಡಿ ಹಾಕಿ ತೋರಿಸುತ್ತಿದ್ದ, ಬಾಯಿ ಫೋಟೋ ತೆಗೆಯುತ್ತಿದ್ದಳು, ಹೆಂಗಸರು ಧಪ್ ಧಪ್ ಅರಿವೆ ಒಗೆಯುತ್ತಿದ್ದರು. ಲೀಲಾಳಿಗೆ ಅಷ್ಟು ನೀರನ್ನು ಸುಮ್ಮನೆ ನೋಡುತ್ತ ಕೂಡುವುದು ಸಾಧ್ಯವೇ? ಲಂಗ ಕಚ್ಚೆ ಕಟ್ಟಿ ಜಿಗಿದೇಬಿಟ್ಟಳು. ಭೂತನಾಥನ ಗುಡಿಯ ಕಡೆ ಹೋದಳು, ಹೋದಳು, ಚುಕ್ಕೆಯಷ್ಟಾದಳು. ಅರಿವೆ ಒಗೆಯುವ ಸಪ್ಪಳ ನಿಂತಿತು. ಮತ್ತೆ ತಿರುಗಿ ಬರತೊಡಗಿದಾಗ ಇಂಗ್ರಿಡ್ ಬಾಯಿ ಕೈಗಡಿಯಾರ ನೋಡುತ್ತಿದ್ದಳು. ಲೀಲಾ ಮೆಟ್ಟಿಲು ಹತ್ತಿ ಕೂದಲು ಹಿಂಡಿಕೊಳ್ಳುವಾಗ ಬಾಯಿ ಏನೋ ಕೇಳಿದಳು.

"ಹುಡುಗಿ ವಯಸ್ಸೆಷ್ಟು ಅಂತಾಳ" ಎಂದ ಬಾಬಾಸಾಬ.

"ಒಂಬತ್ತು ರೀ" ಎಂದ ಅಪ್ಪ.

ಬಾಯಿ ಮೂರು ಸಲ ಕೇಳಿದಳು, ಅಪ್ಪ ಮೂರು ಸಲ ಒಂಬತ್ತು ಎಂದ.

ಎರಡು ತಿಂಗಳಿಗೆ ಪತ್ರ ಬಂತು. ಇಳಕಲ್ಲಿನಲ್ಲಿ ಇಂಗ್ಲೀಷ್ ಬಲ್ಲವರು ಬೇಕಾದಷ್ಟು ಜನ ಇದ್ದರು, ಆದರೆ ಅಪ್ಪನಿಗೆ ಬಾಬಾಸಾಬನ ಮೇಲೆಯೇ ವಿಶ್ವಾಸ. ಹುನಗುಂದದ ಬಸ್ಸು ಹಿಡಿದು, ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು, ಬಾದಾಮಿಗೆ ಹೋಗಿ ಪತ್ರ ಓದಿಸಿಕೊಂಡು ಬಂದ. ಬಂದವನು ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತ. ಇಂಗ್ರಿಡ್ ಬಾಯಿಯ ಗಂಡ ಅಲ್ಲಿ ಸಣ್ಣ ಮಕ್ಕಳಿಗೆ ಈಸು ಕಲಿಸುವ ಕ್ಲಬ್ಬಿನಲ್ಲಿದ್ದಾನೆ. ಹತ್ತು ತುಂಬದ ಮಕ್ಕಳನ್ನು ಆರಿಸಿ ತಯಾರು ಮಾಡುತ್ತಾರೆ. ಒಂಬತ್ತರ ಹುಡುಗಿ ಯಾರೂ ಕಲಿಸದೆ ಅಷ್ಟು ಬೇಗ ಈಸಿದ್ದನ್ನು ಕೇಳಿ ಆತ ನಂಬಲಿಲ್ಲವಂತೆ. ಕಳಿಸಿದರೆ ತೆಗೆದುಕೊಳ್ಳುತ್ತಾರೆ. ಅಪ್ಪ ಎರಡು ವರ್ಷ ನೇಕಾರಿಕೆಯ ಸಾಲೆಯಲ್ಲಿ ಕೊಂಡಿ ಕಲಿಸಬಹುದು. ಅಪ್ಪ, ಅವ್ವ, ಲೀಲಾ, ಮೂವರಿಗೂ ಇರಲು ಮನೆ.

ಆಯಿಯೇ ಮೊದಲು ಬಾಯಿ ಬಿಟ್ಟಳು.

"ಈಸಾಕ? ಈಸಾಕ ಪರದೇಶಕ್ಕ ಹೋಗ್ತಿ? ನಮ್ಮೂರಾಗ ಬಾವಿ ಬತ್ತ್ಯಾವೇನು?"

ಮರುದಿನ ಊರಿಗೆ ಊರೇ ದಂಗಾಯಿತು. ದುಡಿಯಲು ಹೋಗುತ್ತೇನೆ ಎಂದಿದ್ದರೆ ಹಾರ ಹಾಕುತ್ತಿದ್ದರು. ಓದಿಸಲು ಎಂದಿದ್ದರೆ ನೇಕಾರರ ಸಂಘದಲ್ಲಿ ಸನ್ಮಾನ ಮಾಡುತ್ತಿದ್ದರು. ಹೆಣ್ಣುಮಗಳನ್ನು ನೀರಾಟಕ್ಕೆ ಹಾಕಲು ಮಗ್ಗ ಬಿಚ್ಚಿ ಹೊರಟ ನೇಕಾರನನ್ನು ಯಾರೂ ಕಂಡಿರಲಿಲ್ಲ. "ಬರಿಗಾಲಾಗ ಅಡ್ಡಾಡಿಸ್ತಾರಂತ", "ಆರು ತಿಂಗಳ ಸೂರ್ಯಾನ ಹುಟ್ಟೂದಿಲ್ಲಂತ", "ಜ್ವಾಳಾನ ಸಿಗೂದಿಲ್ಲಂತ". ಕೊನೆಯದನ್ನು ಕೇಳಿ ಆಯಿ ನಿಜವಾಗಿಯೂ ಗಾಬರಿಯಾದಳು. ಸೂರ್ಯನಿಲ್ಲದೆ ಹೇಗೋ ಆದೀತು, ರೊಟ್ಟಿಯಿಲ್ಲದೆ ಆಗುವುದು ಹೇಗೆ?

ಹುಬ್ಬಳ್ಳಿಗೆ ಹೋಗಲು ಮೂರು ಸಲ ವಿಚಾರ ಮಾಡುವ ಅಪ್ಪ ಈ ಸಲ ಜಗ್ಗಲಿಲ್ಲ. ಅವ್ವ ಒಂದು ಸಂಜೆ ಜೋಳ ಹಸನು ಮಾಡುತ್ತ ಕೇಳಿದಳು.

"ಖರೇನ ಹೋಗೂದ?"

"ನನ್ನ ಕಾಲು ಎಂಟು ವರ್ಷದಾಂವ ಇದ್ದಾಗಿಂದ ಕುಣ್ಯಾಗ ಅದಾವು" ಎಂದ ಅಪ್ಪ. "ಅಲ್ಲಿ ಹೊಂಡದಾಗ ಆಕಿ ಕಾಲು ನೋಡೀಯೇನ ನೀ? ನಾ ನೋಡೇನಿ."

ಅವ್ವ ಹಸನಾದ ಜೋಳವನ್ನು ಚೀಲಕ್ಕೆ ತುಂಬತೊಡಗಿದಳು.

ನೀವು ಎಣಿಸುತ್ತಿದ್ದೀರಿ, ಗೊತ್ತು. ಅಪ್ಪ, ಅವ್ವ, ಲೀಲಾ. ನಾನು? "ನಿಂದು ಏಳನೇತ್ತೆ ಪರೀಕ್ಷೆ ಐತಿ. ಎರಡ ವರ್ಷ ಆಯಿ ಕೂಡ ಇರು, ಶ್ಯಾಣ್ಯಾ ಅದಿ" ಎಂದ ಅಪ್ಪ. ಶ್ಯಾಣ್ಯಾ, ಅಂದರೆ ಜಾಣ, ಎನ್ನಿಸಿಕೊಂಡದ್ದು ಅದೇ ಮೊದಲು, ಅದೂ ಇಂಥ ಹೊತ್ತಿನಲ್ಲಿ. ನನಗೆ ಹನ್ನೆರಡು ವರ್ಷ. ಹಿತ್ತಲಿಗೆ ಹೋಗಿ ಗೋಡೆ ಒದ್ದು ಹೆಬ್ಬೆರಳು ಒಡೆದುಕೊಂಡೆ. ಆಯಿ ಅರಿಷಿಣ ಹಚ್ಚುತ್ತ ಏನಾಯಿತೆಂದು ಕೇಳಿದರೆ ಎಡವಿದೆ ಎಂದೆ.

ತಯಾರಿ ನಡೆಯಿತು. ಬಾಯಿ ಮುಂಚೆಯೇ ಈಸುವಾಗ ತಲೆಗೆ ಹಾಕಿಕೊಳ್ಳುವ ಕೆಂಪು ರಬ್ಬರಿನ ಟೊಪ್ಪಿಗೆಯೊಂದನ್ನು ಕಳಿಸಿದ್ದಳು. ಲೀಲಾ ಅದನ್ನು ಹಾಕಿಕೊಂಡೇ ಕೊಂಡಿ ಹಾಕುತ್ತಿದ್ದಳು, ಹಾಕಿಕೊಂಡೇ ಉಣ್ಣುತ್ತಿದ್ದಳು. ಅಪ್ಪ ಕೊನೆಯ ಸೀರೆ ಇಳಿಸಿದ. ನೇಕಾರನು ಸೀರೆ ಇಳಿಸಿದ ಮೇಲೂ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಹಳೆಯ ಹಾಸಿನ ತುದಿಗಳನ್ನು ಬಿಟ್ಟಿರುತ್ತಾನೆ. ಹೊಸ ಹಾಸಿನ ಎಳೆಗಳನ್ನು ಅವಕ್ಕೆ ಹುರಿ ಹಾಕಿ ಎಳೆದುಕೊಂಡರೆ ಮಗ್ಗ ಮತ್ತೆ ನಡೆಯುತ್ತದೆ. ಆ ತುದಿ ಕೊಯ್ದ ಎಂದರೆ ನೇಯುವುದು ಬಿಟ್ಟ ಎಂದೇ ಅರ್ಥ. ಅಪ್ಪ ಕತ್ತರಿ ತಗೊಂಡು ಒಂದೇ ಸಲಕ್ಕೆ ಕೊಯ್ದ. ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಕುಣಿಯ ಮೇಲೆ ಪರಸಿ ಕಲ್ಲು ಮುಚ್ಚಿದರು. ಮನೆ ಎಷ್ಟು ದೊಡ್ಡದಿತ್ತು ಎಂದು ನಮಗೆ ಅಂದು ತಿಳಿಯಿತು.

ಪಾಸ್‌ಪೋರ್ಟಿಗೂ ಕ್ಲಬ್ಬಿಗೂ ಹುಡುಗಿಯ ವಯಸ್ಸಿನ ದಾಖಲೆ ಬೇಕಿತ್ತು. ಅಪ್ಪ ನನ್ನನ್ನು ಕರೆದುಕೊಂಡು ಸಾಲೆಗೆ ಹೋದ. ಹೆಡ್ ಮಾಸ್ತರರು ದೊಡ್ಡ ರಜಿಸ್ಟರ್ ತೆಗೆದು ಬರೆದುಕೊಟ್ಟರು. ಅಪ್ಪ ಅದನ್ನು ಓದಿದ. ಮತ್ತೆ ಓದಿದ. ಆಮೇಲೆ ಬೆರಳು ಮಡಚುತ್ತ ಎಣಿಸಿದ.

"ಸರ, ಇದರಾಗ ಹನ್ನೊಂದು ಆಕ್ಕೈತಿ. ನನ್ನ ಮಗಳಿಗೆ ಒಂಬತ್ತು."

"ಏನ ಮಾಡ್ಲೆಪಾ, ಹೆಸರು ಹಚ್ಚುವಾಗ ಆರು ತುಂಬೈತಿ ಅಂತ ಹೇಳ್ಯಾರ. ಅದಕ್ಕ ಜೂನ್ ಒಂದು ಹಾಕ್ಯಾರ. ಆ ಮಾಸ್ತರರು ತೀರಿಕೊಂಡ್ರು. ಯಾರು ಕರಕೊಂಡ ಬಂದಿದ್ರು ಆಕೀನ?"

"ನಮ್ಮಪ್ಪನ ಇರಬೇಕು. ಅವನೂ ಹೋಗಿಬಿಟ್ಟ."

ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ.

ಕರೆದುಕೊಂಡು ಹೋದವನು ಅಜ್ಜನಲ್ಲ, ನಾನು. ನನಗೆ ಏಳು, ಅವಳಿಗೆ ನಾಲ್ಕು. ಆಗ ಸಾಲೆಯಲ್ಲಿ ಮಧ್ಯಾಹ್ನ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು. ಗೋವಿನಜೋಳದ ರವೆಯದು, ಎಣ್ಣೆ ಜಿನುಗುವಂಥದು. ಆ ಉಪ್ಪಿಟ್ಟಿನ ವಾಸನೆ ಬಂದರೆ ಇಂದಿಗೂ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ. ರಜಿಸ್ಟರಿನಲ್ಲಿ ಹೆಸರಿದ್ದ ಮಕ್ಕಳಿಗೆ ಒಂದು ತಟ್ಟೆ. ನನಗೆ ಒಂದು ತಟ್ಟೆ ಸಾಲುತ್ತಿರಲಿಲ್ಲ. ಲೀಲಾ ಅರ್ಧವೂ ತಿನ್ನಲಾರಳು, ಉಳಿದರ್ಧ ನನಗೆ, ಇದು ಏಳು ವರ್ಷದ ಮೇಧಾವಿಯ ಯೋಜನೆ. ಅವಳ ಕೈ ಹಿಡಿದು ಮಾಸ್ತರರ ಮುಂದೆ ನಿಲ್ಲಿಸಿದೆ. "ಆರು ತುಂಬ್ಯಾವೇನಲೇ?" ಎಂದರು. "ತುಂಬ್ಯಾವ್ರಿ" ಎಂದೆ. ಆಗಿನ ಪರೀಕ್ಷೆ ನಿಮಗೆ ಗೊತ್ತಲ್ಲ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿತು, ಇಲ್ಲದಿದ್ದರೆ ಮನೆಗೆ. ನಾಲ್ಕರ ಕೂಸಿಗೆ ಎಲ್ಲಿ ಮುಟ್ಟಬೇಕು? ಆದರೆ ಅದು ಲೀಲಾಳ ಕೈ. ಕಿವಿ ಮುಟ್ಟಿದ್ದಷ್ಟೇ ಅಲ್ಲ, ಕಿವಿಯ ಹಾಲೆ ಹಿಡಿದು ಜಗ್ಗಿದಳು. ಮಾಸ್ತರರು ನಕ್ಕು ಬರೆದುಕೊಂಡರು. ಮನೆಯಲ್ಲಿ ನಾನು ಹೇಳಲಿಲ್ಲ, ಅಜ್ಜ ಹಚ್ಚಿಸಿರಬೇಕೆಂದು ಅವರೇ ತಿಳಿದುಕೊಂಡರು.

ಹುನಗುಂದದ ವಕೀಲರೊಬ್ಬರು ದಾರಿ ಹೇಳಿದರು. ಸೂಲಗಿತ್ತಿ ಸಾಕ್ಷಿ ಹೇಳಬೇಕು, ಮತ್ತು ಸಾಲೆಯಲ್ಲಿ ಹೆಸರು ಹಚ್ಚಿಸಿದವರು ಬಂದು ವಯಸ್ಸು ತಪ್ಪು ಹೇಳಿದೆವು ಎಂದು ಒಪ್ಪಿಕೊಳ್ಳಬೇಕು. ಇಬ್ಬರೂ ಇದ್ದರೆ ಅರ್ಜಿ ನಿಲ್ಲುತ್ತದೆ, ಒಬ್ಬರೇ ಇದ್ದರೆ ಇಲ್ಲ. ಸೂಲಗಿತ್ತಿ ಮುದುಕಿ ಸಂಭ್ರಮದಿಂದ ಬಂದಳು. "ಹಿರೇಹಳ್ಳ ತುಂಬಿ ಬಂದಿತ್ತ್ರಿ, ಮಣಕಾಲಮಟ ನೀರಾಗ ಬಂದು ಹಡಿಸೇನಿ, ಯಾವ ಜಜ್ಜ ಕೇಳಿದ್ರೂ ಹೇಳ್ತೇನಿ" ಎಂದಳು. ವಕೀಲರು ಅರ್ಜಿ ಹಾಕಿದರು, ಕೋರ್ಟು ತಾರೀಖನ್ನೂ ಕೊಟ್ಟಿತು, ಎರಡನೆಯವರೇ ಬೇಕಾಗಿತ್ತು.

ಅಪ್ಪ ಮನೆಗೆ ಬಂದು ಅಜ್ಜನ ಫೋಟೋದ ಮುಂದೆ ನಿಂತ. "ಮುದುಕಾ, ನಿನಗೇನು ಅವಸರ ಬಂದಿತ್ತೋ?" ಎಂದು ಕೂಗಿದ. ಅಪ್ಪ ಕೂಗಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಆಯಿ, "ಅವರು ಜೀವಮಾನದಾಗ ಸಾಲಿ ಕಡೆ ಹಾದವರಲ್ಲ, ಸತ್ತವರ ಮ್ಯಾಲೆ ಯಾಕ ಹಾಕ್ತಿ?" ಎಂದಳು. ಅಪ್ಪ ಕೇಳಲಿಲ್ಲ. ಅಂದಿನಿಂದ ಅಜ್ಜನ ಫೋಟೋಕ್ಕೆ ವಿಭೂತಿ ಹಚ್ಚುವುದು ನಿಂತಿತು. ನಾನು ದಿನಾ ಅದರ ಕೆಳಗೇ ಕೂತು ಉಣ್ಣುತ್ತಿದ್ದೆ.

ಯಾಕೆ ಹೇಳಲಿಲ್ಲ? ಅಪ್ಪನ ಹೊಡೆತಕ್ಕೆ ಅಂಜಿದೆನೆಂದು ನನಗೆ ನಾನೇ ಹೇಳಿಕೊಂಡದ್ದುಂಟು. ಆದರೆ ಹೊಡೆತವೇನು, ಅರ್ಧ ತಾಸಿನದು. ನಾನು ಬಾಯಿ ಬಿಟ್ಟರೆ ಅವರು ಮೂವರೂ ಹೋಗುತ್ತಾರೆ, ಬಿಡದಿದ್ದರೆ ಇಲ್ಲೇ ಇರುತ್ತಾರೆ. ಇದು ನನಗೆ ಗೊತ್ತಿತ್ತು. ಇಷ್ಟು ವರ್ಷವಾದರೂ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ತಾರೀಖಿನ ದಿನ ಅರ್ಜಿ ಬಿದ್ದುಹೋಯಿತು. ಬಾಬಾಸಾಬನ ಕೈಯಿಂದ ಅಪ್ಪ ಬಾಯಿಗೆ ಬರೆಸಿದ: "ಮಗಳು ಒಂಬತ್ತ ವರ್ಷದಾಕಿನ. ಕಾಗದ ಸುಳ್ಳು ಹೇಳ್ತೈತಿ, ನಾ ಹೇಳಿಲ್ಲ." ಬಾಯಿಯ ಉತ್ತರ ಬಂತು. ಅವಳು ನಂಬುತ್ತಾಳಂತೆ, ಕ್ಲಬ್ಬಿನವರು ಕಾಗದವನ್ನು ನಂಬುತ್ತಾರಂತೆ. ಹನ್ನೊಂದರ ಹುಡುಗಿ ಅಷ್ಟು ಹೊತ್ತಿನಲ್ಲಿ ಈಸುವುದು ಅಲ್ಲಿ ವಿಶೇಷವೇನಲ್ಲವಂತೆ. ಲೀಲಾ ನಿನ್ನೆ ಈಸಿದಷ್ಟೇ ಇಂದೂ ಈಸುತ್ತಿದ್ದಳು. ಒಂದು ಸಾಲಿನ ಬರಹದಿಂದ ಅವಳ ಈಸು ಸಾಧಾರಣವಾಗಿಹೋಯಿತು. ಅಪ್ಪ ಒಬ್ಬನೇ ಆದರೂ ಬಂದು ಕೊಂಡಿ ಕಲಿಸಬಹುದು ಎಂದೂ ಬರೆದಿದ್ದಳು. ಅಪ್ಪ, "ನಾ ಕೊಂಡಿ ಹಾಕಾಕ ಹೊಂಟಿದ್ದಿಲ್ಲ" ಎಂದ.

ಕುಣಿಯ ಮೇಲಿನ ಪರಸಿ ತೆಗೆದರು. ಆದರೆ ಹಣಿಗೆಯಲ್ಲಿ ಹಳೆಯ ತುದಿಗಳಿರಲಿಲ್ಲವಲ್ಲ, ಅಪ್ಪ ಕೊಯ್ದಿದ್ದ. ಸಾವಿರಾರು ಎಳೆಗಳನ್ನು ಒಂದೊಂದಾಗಿ ಮತ್ತೆ ಪೋಣಿಸಬೇಕು. ಅಪ್ಪ ಈಚೆ ಕೂತ, ಲೀಲಾ ಆಚೆ ಕೂತಳು. ಅವಳು ಆ ಉದ್ದ ಕೈ ಚಾಚಿ ಒಂದು ಎಳೆ ಕೊಡುವಳು, ಅವನು ಎಳೆದುಕೊಳ್ಳುವನು. ಎಷ್ಟೋ ದಿನ ಹೀಗೆ ನಡೆಯಿತು. ಮುಂದೆ ವರ್ಷದೊಳಗೆ ಅವಳು ದೊಡ್ಡವಳಾದಳೆಂದು ಬಾವಿಯೂ ಬಂದಾಯಿತು. ಕೆಂಪು ಟೊಪ್ಪಿಗೆಯನ್ನು ಆಯಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಹಾಕಿದಳು. ಬಿಗಿಯಾಗಿ ಕೂಡುತ್ತದೆ, ಇರುವೆ ಹೋಗುವುದಿಲ್ಲ ಎಂದು ಓಣಿಯವರಿಗೆಲ್ಲ ತೋರಿಸಿದಳು.

ಲೀಲಾ ಮಾಸ್ತರತಿಯಾದಳು. ಅವಳ ಸಾಲೆಯಲ್ಲಿ ಕಿವಿ ಮುಟ್ಟಿಸಿ ವಯಸ್ಸು ಬರೆಯುವ ಪದ್ಧತಿಯನ್ನು ಅವಳು ಎಂದೂ ನಡೆಸಲಿಲ್ಲವಂತೆ. ದಾಖಲೆಯಿಲ್ಲದ ಮಗು ಬಂದರೆ ಮನೆಗೆ ಹೋಗಿ, ತಾಯಿಯನ್ನು ಕೂರಿಸಿಕೊಂಡು, ಯಾವ ಹಬ್ಬದ ಹಿಂದೆ, ಯಾವ ಮಳೆಯ ಮುಂದೆ ಎಂದು ಕೇಳಿ ಕೇಳಿ ಬರೆಯುತ್ತಿದ್ದಳಂತೆ. ಸನ್ಮಾನದ ಭಾಷಣದಲ್ಲಿ ಇದನ್ನು ಯಾರೋ ಹೊಗಳಿದರು. ನಾನು ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದೆ. ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವಳ ಮನೆಗೆ ಹೋದೆವು. ನನಗೆ ಪ್ರಿಯವೆಂದು ಉಪ್ಪಿಟ್ಟು ಮಾಡಿದ್ದಳು. ತಟ್ಟೆ ಮುಂದೆ ಬಂದಾಗ ನನಗೆ ತಡೆಯಲಾಗಲಿಲ್ಲ. ಅಪ್ಪ ಇಲ್ಲ, ಅವ್ವ ಇಲ್ಲ, ಕೇಳುವವರು ಇನ್ನಾರು?

"ಲೀಲಾ, ನಿನ್ನ ಹೆಸರು ಹಚ್ಚಿಸಿದಾಂವ ಅಜ್ಜ ಅಲ್ಲ" ಎಂದೆ.

"ಗೊತ್ತೈತಿ" ಎಂದಳು ಅವಳು, ನೀರಿನ ತಂಬಿಗೆ ಇಡುತ್ತ. "ನಾ ಅಲ್ಲೇ ಇದ್ದೆನಲ್ಲ ಅಣ್ಣಾ. ಕಿವಿ ನಂದ."

ಇಷ್ಟು ವರ್ಷ ನಾನು ಮುಚ್ಚಿಟ್ಟದ್ದು ಅವಳ ಕಣ್ಣ ಮುಂದೆಯೇ ಇತ್ತೆಂಬುದು ನನ್ನ ತಲೆಗೆ ಎಂದೂ ಹೊಳೆದಿರಲಿಲ್ಲ. ನಾಲ್ಕರ ಕೂಸಿಗೆ ಏನು ನೆನಪಿರುತ್ತದೆ ಎಂದುಕೊಂಡಿದ್ದೆ.

"ಮತ್ತ ಅಪ್ಪ ಅಜ್ಜನ್ನ ಬೈಯುವಾಗ ನೀ ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂತ ಕಾದೆ. ಕೋರ್ಟಿನ ತಾರೀಖು ಇತ್ತಲ್ಲ, ಅಲ್ಲೀಮಟ ಕಾದೆ. ಆಮ್ಯಾಲೂ ಕಾದೆ." ಸ್ವಲ್ಪ ತಡೆದು ಹೇಳಿದಳು: "ನಾ ಹೇಳಿದ್ರ ಅಪ್ಪ ನಿನ್ನ ಬಿಟ್ಟು ಹೋಗ್ತಿದ್ದ. ಬಿಟ್ಟೂ ಹೋಗ್ತಿದ್ದ, ಸಿಟ್ಟೂ ಇಟ್ಕೊಂಡು ಹೋಗ್ತಿದ್ದ. ನೀ ಆಗ ಗೋಡಿ ಒದ್ದಿದ್ದಿ, ನಾ ನೋಡಿದ್ದೆ."

ಅವಳು ತನ್ನ ತಟ್ಟೆಯಲ್ಲಿದ್ದುದನ್ನು ಚಮಚೆಯಿಂದ ನಡುವೆ ಗೆರೆ ಕೊರೆದು ಎರಡು ಪಾಲು ಮಾಡಿದಳು. ಉದ್ದ ಕೈ ಚಾಚಿ ಒಂದು ಪಾಲನ್ನು ನನ್ನ ತಟ್ಟೆಗೆ ಹಾಕಿದಳು, ಸಾಲೆಯ ಪಡಸಾಲೆಯಲ್ಲಿ ದಿನಾ ಹಾಕುತ್ತಿದ್ದ ಹಾಗೆಯೇ.

"ತಿನ್ನು, ಆರಿ ಹೋಗ್ತೈತಿ" ಎಂದಳು.